ಹತ್ತು ಲೀಟರ್ ಹಾಲಿಗೆ ಮೂವತ್ತೆರಡು ಸಾವಿರ: ಒಂದು ಹಳೇ ಪ್ರೋಗ್ರಾಮ್ ರಿಪೇರಿ ಮಾಡಿದ ಕಥೆ

ಭಾನುವಾರ ಬೆಳಿಗ್ಗೆ ಚಿಕ್ಕಪ್ಪನ ಫೋನ್ ಬಂತು. "ಏನ್ಲಾ ಮಗ, ನಿನ್ ಕಂಪ್ಯೂಟ್ರು ಹತ್ತು ಲೀಟ್ರು ಹಾಲ್ಗೆ ಮೂವತ್ತೆರಡು ಸಾವ್ರ ಬಟವಾಡೆ ತೋರ್ಸ್ತಾ ಅದೆ. ನಾನೂ ಇನ್ನೆರಡು ಹಸ ಕಟ್ಬುಡಾನ ಅಂತಿವ್ನಿ."

ಅವರು ಮದ್ದೂರು ಕಡೆಯ ನಮ್ಮ ಊರಿನ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುತ್ತಾರೆ. ಡೈರಿಯ ಅಸಲಿ ಲೆಕ್ಕವೆಲ್ಲ ಡೈರಿಯ ಮೆಷಿನ್‌ನಲ್ಲೇ ಇದೆ. ಆದರೆ ಚಿಕ್ಕಪ್ಪನಿಗೆ ತಮ್ಮದೇ ಒಂದು ಲೆಕ್ಕ ಇಟ್ಟುಕೊಂಡು ತಾಳೆ ನೋಡುವ ಅಭ್ಯಾಸ. ಮೊದಲು ನೋಟ್‌ಬುಕ್‌ನಲ್ಲಿ ಬರೆಯುತ್ತಿದ್ದರು. 2009ರಲ್ಲಿ, ನಾನು ಡಿಪ್ಲೊಮಾ ಓದುವಾಗ, ಅವರಿಗೆಂದೇ ಒಂದು ಪ್ರೋಗ್ರಾಮ್ ಬರೆದುಕೊಟ್ಟಿದ್ದೆ. ಟರ್ಬೊ ಸಿ++ನಲ್ಲಿ. ಆ ನೀಲಿ ಪರದೆ ನೆನಪಿದೆಯಲ್ವಾ? 1990ರ ಕಂಪೈಲರ್ ಅದು (ನಾವು ಬರೆದದ್ದನ್ನು ಕಂಪ್ಯೂಟರ್ ಓಡಿಸುವ ರೂಪಕ್ಕೆ ತರುವ ಸಾಧನ), ನಮ್ಮ ಕಾಲೇಜು ಲ್ಯಾಬ್‌ಗಳಲ್ಲಿ ಇಪ್ಪತ್ತು ವರ್ಷ ಆದಮೇಲೂ ಗಟ್ಟಿಯಾಗಿ ಕೂತಿತ್ತು. ಪ್ರೋಗ್ರಾಮ್ ಕೂಡ ಅಷ್ಟೇ ಗಟ್ಟಿ. ಲ್ಯಾಪ್‌ಟಾಪ್ ಬದಲಾಯಿತು, ಉಬುಂಟು ಬಂತು, ಇದು ಮಾತ್ರ ಡಾಸ್‌ಬಾಕ್ಸ್ (ಹಳೇ ಡಾಸ್ ಪ್ರೋಗ್ರಾಮ್‌ಗಳನ್ನು ಓಡಿಸುವ ಸಾಫ್ಟ್‌ವೇರ್) ಒಳಗೆ ಓಡುತ್ತಲೇ ಇತ್ತು. ಆ ಭಾನುವಾರದವರೆಗೆ.

"ನೆನ್ನೆ ಏನಾದ್ರೂ ಹೊಸದಾಗಿ ಮಾಡಿದ್ರಾ ಚಿಕ್ಕಪ್ಪ?" ಅಂದೆ.

"ಏನೂ ಇಲ್ಲ ಕಣ್ಲಾ. ಹೊಸ್ದಾಗಿ ಒಬ್ರು ಹಾಲ್ ಹಾಕಕ್ ಸುರು ಮಾಡವ್ರೆ. ಅವ್ರ ಹೆಸ್ರು ಸೇರಿಸ್ದೆ ಅಷ್ಟೇಯ."

ಎಷ್ಟನೇ ಸದಸ್ಯರು ಅಂತ ಕೇಳಿದೆ. ಎಂಬತ್ತೊಂದು. ಆಗಲೇ ಹೊಟ್ಟೆ ಚುರ್ ಅಂದಿತು.

3248 ಎಲ್ಲಿಂದ ಬಂತು

ಹಳೇ ಫೈಲ್ ತೆಗೆದೆ. ಎಲ್ಲ ಗ್ಲೋಬಲ್ ವೇರಿಯಬಲ್, ಅಂದರೆ ಪ್ರೋಗ್ರಾಮ್‌ನ ಯಾವ ಮೂಲೆಯಿಂದಲೂ ಮುಟ್ಟಬಹುದಾದ ಮಾಹಿತಿಯ ಡಬ್ಬಿಗಳು. ಒಬ್ಬ ಸದಸ್ಯನಿಗೆ ಒಂದು ಸ್ಟ್ರಕ್ಟ್ (ಹಲವು ಮಾಹಿತಿ ಒಟ್ಟಿಗೆ ಇಡುವ ಚೌಕಟ್ಟು): ನಂಬರಿಗೆ 2 ಬೈಟ್, ಎಷ್ಟು ನಮೂದು ಆಗಿದೆ ಎನ್ನುವುದಕ್ಕೆ 2 ಬೈಟ್, ಹೆಸರಿಗೆ 24 ಬೈಟ್. ಆಮೇಲೆ 62 ನಮೂದಿನ ಜಾಗ, ಯಾಕೆಂದರೆ ತಿಂಗಳಿಗೆ 31 ದಿನ, ದಿನಕ್ಕೆ ಎರಡು ಹೊತ್ತು. ಒಂದೊಂದು ನಮೂದಿನಲ್ಲಿ ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಘನಾಂಶ), ತಲಾ 4 ಬೈಟ್. ಒಟ್ಟು 772 ಬೈಟ್. ಅಂಥವು 80, ಒಂದರ ಪಕ್ಕ ಒಂದು. ಈ ಸಾಲಿಗೆ ಅರೇ ಅನ್ನುತ್ತಾರೆ.

80 ಯಾಕೆ? ಮೊದಲು 100 ಅಂತಲೇ ಬರೆದಿದ್ದೆ. 'ಅರೇ ಸೈಜ್ ಟೂ ಲಾರ್ಜ್' ಅಂತ ಬೈದಿತ್ತು. 100 ಸದಸ್ಯರಿಗೆ 77,200 ಬೈಟ್ ಬೇಕು. ಆ ಕಾಲದ 16 ಬಿಟ್ ಲೋಕದಲ್ಲಿ ಮೆಮೊರಿಯ ಒಂದು ತುಂಡು, ಅಂದರೆ ಸೆಗ್ಮೆಂಟ್, 65,536 ಬೈಟ್, ಅದರಾಚೆಗೆ ಒಂದು ಅರೇ ಹೋಗುವಂತಿಲ್ಲ. ನಾನು ಕಾರಣ ಏನು ಅಂತ ಯೋಚಿಸಲೇ ಇಲ್ಲ. ಬೈಯುವುದು ನಿಲ್ಲುವ ತನಕ ಅಂಕಿ ಇಳಿಸುತ್ತಾ ಬಂದೆ. 80ಕ್ಕೆ ನಿಂತಿತು. ಊರಲ್ಲಿ ಆಗ ಹಾಲು ಹಾಕುತ್ತಿದ್ದವರು ಅರವತ್ತು ಚಿಲ್ಲರೆ ಜನ. ಸಾಕು ಬಿಡು ಅಂತ ಮಲಗಿದ್ದೆ.

80 ತುಂಬಿದ ಮೇಲೆ ಏನಾಗಬೇಕು ಎಂದು ಎಲ್ಲೂ ಬರೆದಿರಲಿಲ್ಲ. ಸಿ++ ಕೂಡ ಕೇಳುವುದಿಲ್ಲ. 81ನೇ ಸದಸ್ಯ ಬಂದಾಗ ಅರೇ ಮುಗಿದ ಜಾಗದಿಂದ ಮುಂದಕ್ಕೆ ಬರೆದುಬಿಟ್ಟಿದೆ. ಅಲ್ಲಿ ಇದ್ದದ್ದು ಇನ್ನೆರಡು ಗ್ಲೋಬಲ್‌ಗಳು: ಒಟ್ಟು ಸದಸ್ಯರ ಸಂಖ್ಯೆ, ಅದರ ಪಕ್ಕದಲ್ಲಿ ಲೀಟರಿನ ಮೂಲ ದರ.

ಮಜಾ ನೋಡಿ. ಹೊಸ ಸದಸ್ಯರ ನಂಬರ್ 81 ಹೋಗಿ ಕೂತದ್ದು ಒಟ್ಟು ಸಂಖ್ಯೆಯ ಮೇಲೆ. ಅದೂ 81 ಆಗಬೇಕಿತ್ತು, ಹಾಗಾಗಿ ಯಾರಿಗೂ ಗೊತ್ತಾಗಲಿಲ್ಲ. ನಮೂದಿನ ಲೆಕ್ಕ ಸೊನ್ನೆ, ಅದು ದರದ ಮೊದಲ ಎರಡು ಬೈಟ್ ಅಳಿಸಿತು. ದರದ ಉಳಿದ ಎರಡು ಬೈಟ್ ಮೇಲೆ ಬಿದ್ದದ್ದು ಅವರ ಹೆಸರಿನ ಮೊದಲ ಎರಡು ಇಂಗ್ಲಿಷ್ ಅಕ್ಷರ, ಕೆ ಮತ್ತು ಇ. ಅವುಗಳ ಆಸ್ಕಿ ಬೆಲೆ (ಕಂಪ್ಯೂಟರ್ ಅಕ್ಷರಕ್ಕೆ ಕೊಡುವ ಅಂಕಿ) 75 ಮತ್ತು 69. ಸೊನ್ನೆ, ಸೊನ್ನೆ, 75, 69. ಈ ನಾಲ್ಕು ಬೈಟನ್ನು ಫ್ಲೋಟ್ (ದಶಮಾಂಶ ಸಂಖ್ಯೆ) ಅಂತ ಓದಿದರೆ ಸರಿಯಾಗಿ 3248 ಬರುತ್ತದೆ. ಕಾಗದದ ಮೇಲೆ ಬಿಡಿಸಿ ನೋಡಿದೆ, ಅಷ್ಟೇ ಬಂತು. ಒಂದು ಲೀಟರ್ ಹಾಲಿಗೆ 3248 ರೂಪಾಯಿ, ಹತ್ತು ಲೀಟರ್‌ಗೆ 32,480. ಹಾಲಿನ ದರ ಒಬ್ಬ ಹೆಣ್ಣುಮಗಳ ಹೆಸರಿನಿಂದ ನಿರ್ಧಾರ ಆಗಿದ್ದು ಬಹುಶಃ ಇದೇ ಮೊದಲು.

80ನ್ನು 84 ಮಾಡಿ ಕೈ ತೊಳೆದುಕೊಳ್ಳಬಹುದಿತ್ತು. ಮಾಡಲಿಲ್ಲ. ಹದಿನೈದು ವರ್ಷದ ಹಿಂದಿನ ಸೋಮಾರಿತನಕ್ಕೆ ಮತ್ತೆ ತೇಪೆ ಹಾಕಲು ಮನಸ್ಸು ಬರಲಿಲ್ಲ. ಹೊಸದಾಗಿ ಕ್ಲಾಸ್ ಇಟ್ಟು, ಎಷ್ಟು ಬೇಕೋ ಅಷ್ಟೇ ಮೆಮೊರಿ ಕೇಳಿ ಪಡೆಯುವ ಹಾಗೆ ಬರೆಯೋಣ ಅಂದುಕೊಂಡೆ. ವೆಕ್ಟರ್ (ಸಿ++ನಲ್ಲೇ ಸಿದ್ಧವಾಗಿ ಸಿಗುವ, ತಾನಾಗಿ ಬೆಳೆಯುವ ಅರೇ) ಬಳಸಿದ್ದರೆ ಒಂದು ಸಂಜೆಯ ಕೆಲಸ. ಆದರೆ ಕಾಲೇಜಿನಲ್ಲಿ ನ್ಯೂ (ಮೆಮೊರಿ ಕೇಳುವುದು) ಮತ್ತು ಡಿಲೀಟ್ (ವಾಪಸ್ ಕೊಡುವುದು) ಬಗ್ಗೆ ಪರೀಕ್ಷೆಗಾಗಿ ಬರೆದೆನೇ ಹೊರತು ಒಂದು ದಿನವೂ ನೆಟ್ಟಗೆ ಬಳಸಿರಲಿಲ್ಲ. ಈ ಸಲ ಕೈಯಿಂದಲೇ ಮಾಡೋಣ, ಪೆಟ್ಟು ಬೀಳಲಿ ಅಂತ ಹೊರಟೆ. ಬಿತ್ತು.

ಕ್ಲಾಸ್ ಕಟ್ಟಿದ್ದು

ಜಿ++, ಅಂದರೆ ಜೀಸಿಸಿಯ ಸಿ++ ಕಂಪೈಲರ್, ಹಾಕಿಕೊಂಡೆ. ಒಂದು ಸಂತೋಷದ ವಿಷಯ: ಜೀಸಿಸಿ 10ನೇ ಆವೃತ್ತಿಯಿಂದ ವೇರಿಯಬಲ್, ಕ್ಲಾಸ್ ಹೆಸರುಗಳನ್ನು ನೇರವಾಗಿ ಕನ್ನಡ ಲಿಪಿಯಲ್ಲೇ ಬರೆಯಬಹುದು. ಹಾಗಾಗಿ ನನ್ನ ಕ್ಲಾಸ್‌ಗಳ ಹೆಸರು ನಿಜವಾಗಿಯೂ 'ನಮೂದು', 'ಸದಸ್ಯ', 'ಡೈರಿ'. ಕ್ಲಾಸ್, ನ್ಯೂ, ಡಿಲೀಟ್ ಥರದ ಕೀವರ್ಡ್‌ಗಳು ಮಾತ್ರ ಇಂಗ್ಲಿಷ್‌ನಲ್ಲೇ ಇರಬೇಕು. ಎಚ್ಚರಿಕೆ ಒಂದೇ. 'ಪಾಸ್‌ಬುಕ್' ಥರದ ಪದಗಳ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಕೂತಿರುತ್ತದೆ, ಒತ್ತಕ್ಷರ ಆಗದಂತೆ ತಡೆಯಲು. ಅಂಥ ಪದ ಹೆಸರಾಗಿ ಬೇಡ, ಸುಮ್ನೆ ತಲೆನೋವು.

ಕ್ಲಾಸ್ ಅಂದರೆ ಏನು ಎನ್ನುವುದು ಡೈರಿಯಲ್ಲೇ ಸಿಗುತ್ತದೆ. ಪ್ರೆಸ್‌ನಲ್ಲಿ ಪಾಸ್‌ಬುಕ್ ಅಚ್ಚು ಹಾಕುವಾಗ ಹೆಸರಿಗೆ ಒಂದು ಗೆರೆ, ನಂಬರಿಗೆ ಒಂದು ಚೌಕ, ದಿನಾಂಕಕ್ಕೆ ಒಂದು ಕಾಲಂ ಅಂತ ಮೊದಲೇ ತೀರ್ಮಾನ ಮಾಡಿರುತ್ತಾರಲ್ಲ, ಆ ಅಚ್ಚು ಕ್ಲಾಸ್. ಅದರಲ್ಲಿ ಹಾಲಿಲ್ಲ, ಸದಸ್ಯರಿಲ್ಲ. ಅದರಿಂದ ತೆಗೆದು ಒಬ್ಬರ ಹೆಸರು ಬರೆದು ಕೊಟ್ಟ ಪುಸ್ತಕ ಆಬ್ಜೆಕ್ಟ್. ಅಚ್ಚು ಒಂದೇ, ಪುಸ್ತಕ ಎಂಬತ್ತೊಂದು.

ಆದರೆ ನಿಜವಾದ ಲಾಭ ಅಚ್ಚಿನದ್ದಲ್ಲ, ಕಿಟಕಿಯದ್ದು. ಡೈರಿಯಲ್ಲಿ ಪಾಸ್‌ಬುಕ್ ನಿಮ್ಮದೇ ಆದರೂ ಅದರಲ್ಲಿ ಲೀಟರ್ ನೀವೇ ಬರೆದುಕೊಳ್ಳುವಂತಿಲ್ಲ. ಕಿಟಕಿಯಲ್ಲಿ ಕೊಡಬೇಕು, ಒಳಗಿರುವವರು ಅಳೆದು, ನೋಡಿ ಬರೆಯಬೇಕು. ಕ್ಲಾಸ್‌ನಲ್ಲಿ ಪ್ರೈವೇಟ್ ಅಂದರೆ ಇದೇ. ನಮೂದುಗಳು ಪ್ರೈವೇಟ್. ಹೊರಗಿನಿಂದ ಯಾರೂ ಮುಟ್ಟುವಂತಿಲ್ಲ. 'ಹಾಲು ಹಾಕು' ಎನ್ನುವ ಪಬ್ಲಿಕ್ ಫಂಕ್ಷನ್ ಮೂಲಕವೇ ಬರಬೇಕು. ಅದು ಲೀಟರ್ ಸೊನ್ನೆಗಿಂತ ಕಡಿಮೆ ಇದ್ದರೆ ವಾಪಸ್ ಕಳಿಸುತ್ತದೆ. ಜಾಗ ಇಲ್ಲದಿದ್ದರೆ ಜಾಗ ಮಾಡುತ್ತದೆ. ನನ್ನ ಹಳೇ ಪ್ರೋಗ್ರಾಮ್‌ನಲ್ಲಿ ಇದೊಂದು ಕಿಟಕಿ ಇದ್ದಿದ್ದರೆ 81ನೇ ಹೆಸರು ಹೋಗಿ ದರದ ಮೇಲೆ ಕೂರುತ್ತಿರಲಿಲ್ಲ.

(ಈ ಕ್ಲಾಸ್ ಎನ್ನುವ ಯೋಚನೆ ಸಿ++ದೇ ಅಲ್ಲ. ನಾರ್ವೆಯಲ್ಲಿ 1960ರ ದಶಕದಲ್ಲಿ ಡಾಲ್ ಮತ್ತು ನಿಗಾರ್ಡ್ ಕಟ್ಟಿದ ಸಿಮ್ಯುಲಾ ಭಾಷೆಯದ್ದು. ಬ್ಯಾರ್ನ್ ಸ್ಟ್ರೌಸ್ಟ್ರಪ್ 1979ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಅದನ್ನು ಸಿ ಭಾಷೆಗೆ ತಂದು ಹೊಲಿದರು. ಆಗ ಅದರ ಹೆಸರೇ 'ಸಿ ವಿತ್ ಕ್ಲಾಸಸ್'. ಸಿ++ ಎಂಬ ಹೆಸರು ಬಂದದ್ದು 1983ರಲ್ಲಿ.)

ನಮೂದು ಕ್ಲಾಸ್ ಸಣ್ಣದು. ಹೊತ್ತು, ಲೀಟರ್, ದಿನಾಂಕ, ಫ್ಯಾಟ್, ಎಸ್‌ಎನ್‌ಎಫ್. ಮನಸ್ಸಿಗೆ ಬಂದ ಈ ಕ್ರಮದಲ್ಲೇ ಬರೆದೆ. ಅಳತೆ ನೋಡಿದರೆ 40 ಬೈಟ್. ಡಬಲ್ (ದಶಮಾಂಶ ಸಂಖ್ಯೆ) ಮೂರಕ್ಕೆ 24, ಇಂಟ್‌ಗೆ (ಪೂರ್ಣಾಂಕ) 4, ಕ್ಯಾರ್‌ಗೆ (ಒಂದು ಅಕ್ಷರ) 1, ಒಟ್ಟು 29 ತಾನೆ? ಡಬಲ್‌ಗೆ 8ರ ಗಡಿಯಲ್ಲೇ ಕೂರುವ ಹಟ, ಅದಕ್ಕೆ ಕಂಪೈಲರ್ ನಡುವೆ ಖಾಲಿ ಬೈಟ್ ತುಂಬುತ್ತದೆ. ದೊಡ್ಡವನ್ನು ಮೊದಲು, ಚಿಕ್ಕವನ್ನು ಕೊನೆಗೆ ಇಟ್ಟೆ. 32ಕ್ಕೆ ಇಳಿಯಿತು. ಕ್ಯಾನ್‌ಗಳನ್ನು ಟೆಂಪೊದಲ್ಲಿ ಜೋಡಿಸುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ.

ಜಾಗ ಕೇಳುವುದು

ಒಬ್ಬರು ತಿಂಗಳಿಗೆ 62 ಸಲ ಹಾಲು ಹಾಕುತ್ತಾರೆ. ಇನ್ನೊಬ್ಬರ ಹಸು ಗಬ್ಬ, ಅವರದ್ದು ಆರೇ ನಮೂದು. ಎಲ್ಲರಿಗೂ 62ರ ಜಾಗ ಕಟ್ಟುವುದು ದಂಡ. ಎಷ್ಟು ಬೇಕು ಎಂಬುದು ಪ್ರೋಗ್ರಾಮ್ ಬರೆಯುವಾಗ ಗೊತ್ತಿಲ್ಲ, ಓಡುವಾಗಲೇ ಗೊತ್ತಾಗುವುದು. ನ್ಯೂ ಇರುವುದೇ ಇದಕ್ಕೆ.

ಫಂಕ್ಷನ್ ಒಳಗಿನ ಸಾಮಾನ್ಯ ವೇರಿಯಬಲ್‌ಗಳು ಸ್ಟ್ಯಾಕ್‌ನಲ್ಲಿ ಇರುತ್ತವೆ. ಫಂಕ್ಷನ್ ಮುಗಿದ ಕೂಡಲೇ ಅವೂ ಹೋದವು. ನ್ಯೂ ಕೊಡುವ ಜಾಗ ಹೀಪ್‌ನಲ್ಲಿ. ನೀವಾಗಿ ಡಿಲೀಟ್ ಹೇಳುವ ತನಕ ಅದು ನಿಮ್ಮ ಹೆಸರಲ್ಲೇ ಇರುತ್ತದೆ. ನ್ಯೂ ನಿಮ್ಮ ಕೈಗೆ ಕೊಡುವುದು ಜಾಗವನ್ನಲ್ಲ, ಅದರ ವಿಳಾಸವನ್ನು. ಆ ವಿಳಾಸ ಬರೆದ ಚೀಟಿಯೇ ಪಾಯಿಂಟರ್, 8 ಬೈಟಿನ ಚೀಟಿ. ಹಾಗಾಗಿ ನನ್ನ ಸದಸ್ಯ ಕ್ಲಾಸ್‌ನಲ್ಲಿ ನಮೂದುಗಳು ಇಲ್ಲ. ಹೆಸರು, ನಂಬರ್, ನಮೂದಿನ ಲೆಕ್ಕ, ಜಾಗದ ಲೆಕ್ಕ ಮತ್ತು ಒಂದು ಚೀಟಿ. ಅಳತೆ 56 ಬೈಟ್. ಆ ಸದಸ್ಯ ಒಂದೇ ಸಲ ಹಾಲು ಹಾಕಿದ್ದರೂ 56, ತಿಂಗಳೆಲ್ಲ ಹಾಕಿದ್ದರೂ 56. ಇದನ್ನು ಪರದೆ ಮೇಲೆ ಮುದ್ರಿಸಿ ಕಣ್ಣಾರೆ ನೋಡಿದ ಮೇಲೇ ನನಗೆ ಪಾಯಿಂಟರ್ ಅಂದರೇನು ಅಂತ ನಿಜವಾಗಿ ಅರ್ಥವಾಯಿತು. ಡಿಪ್ಲೊಮಾ ಮೂರು ವರ್ಷದಲ್ಲಿ ಆಗದ್ದು.

ಕನ್‌ಸ್ಟ್ರಕ್ಟರ್‌ನಲ್ಲಿ (ಆಬ್ಜೆಕ್ಟ್ ಹುಟ್ಟುವಾಗ ಓಡುವ ಫಂಕ್ಷನ್) 4 ನಮೂದಿಗೆ ಜಾಗ ಕೇಳುತ್ತೇನೆ, 128 ಬೈಟ್. ಐದನೆಯದು ಬಂದಾಗ ಆ ಜಾಗವನ್ನು ಅಲ್ಲೇ ಹಿಗ್ಗಿಸಲು ನ್ಯೂಗೆ ಬರುವುದಿಲ್ಲ. ಬೇರೆ ಕಡೆ ದೊಡ್ಡ ಜಾಗ ಕೇಳಬೇಕು, ಹಳೆಯದನ್ನೆಲ್ಲ ಅಲ್ಲಿಗೆ ನಕಲು ಮಾಡಬೇಕು, ಹಳೇ ಜಾಗ ಬಿಟ್ಟುಕೊಡಬೇಕು, ಚೀಟಿಯಲ್ಲಿ ಹೊಸ ವಿಳಾಸ ಬರೆಯಬೇಕು. ಮನೆ ಬದಲಾಯಿಸಿದ ಹಾಗೇ. ಪ್ರತಿ ಸಲವೂ ಒಂದೊಂದೇ ಹೆಚ್ಚಿಸಿದರೆ 62 ನಮೂದು ಮುಗಿಯುವಷ್ಟರಲ್ಲಿ 1885 ಸಲ ಸಾಮಾನು ಸಾಗಿಸಬೇಕು. ಪ್ರತಿ ಸಲ ದುಪ್ಪಟ್ಟು ಮಾಡಿದರೆ, 4, 8, 16, 32, 64, ಸಾಗಿಸುವುದು ಬರೀ 60. ದುಪ್ಪಟ್ಟೇ ಇಟ್ಟೆ. ಈ 4, 8, 16, 32 ನೆನಪಿಟ್ಟುಕೊಳ್ಳಿ. ಮುಂದೆ ನನ್ನ ನಿದ್ದೆ ಕೆಡಿಸಿದ್ದು ಇವೇ.

ಡಿಸ್ಟ್ರಕ್ಟರ್‌ನಲ್ಲಿ ಡಿಲೀಟ್. ಆಬ್ಜೆಕ್ಟ್ ಸಾಯುವಾಗ ತಾನು ಹಿಡಿದ ಜಾಗ ಬಿಟ್ಟು ಹೋಗಬೇಕು. ಹಾಸ್ಟೆಲ್ ಖಾಲಿ ಮಾಡುವಾಗ ಕೀಲಿ ಕೊಟ್ಟು ಹೋಗುವ ಹಾಗೆ.

ಇಲ್ಲೇ ಮೊದಲ ಪೆಟ್ಟು. ಅರೇಯಾಗಿ ಪಡೆದದ್ದನ್ನು ಚೌಕ ಆವರಣ ಇರುವ ಡಿಲೀಟ್‌ನಿಂದಲೇ ಬಿಡಬೇಕು. ನಾನು ಎರಡು ಕಡೆ ಆವರಣ ಮರೆತಿದ್ದೆ. ನಮೂದುಗಳ ವಿಷಯದಲ್ಲಿ ಏನೂ ಆಗಲಿಲ್ಲ, ಚೆನ್ನಾಗಿಯೇ ಓಡಿತು. ಡೈರಿ ಕ್ಲಾಸ್‌ನಲ್ಲಿ ಸದಸ್ಯರ ಅರೇಯನ್ನು ಹಾಗೆ ಬಿಟ್ಟಾಗ ಮಾತ್ರ 'ಇನ್‌ವ್ಯಾಲಿಡ್ ಪಾಯಿಂಟರ್' ಅಂತ ಕೂಗಿ ಬಿತ್ತು. ಒಂದೇ ತಪ್ಪು, ಎರಡು ನಡತೆ. ಕಾರಣ ಹುಡುಕಿದಾಗ ಸಿಕ್ಕಿದ್ದು ಇದು. ಸದಸ್ಯನಿಗೆ ಡಿಸ್ಟ್ರಕ್ಟರ್ ಇದೆ. ಎಷ್ಟು ಸದಸ್ಯರಿಗೆ ಅದನ್ನು ಕರೆಯಬೇಕು ಎಂದು ನೆನಪಿಡಲು ಜಿ++ ಅರೇಯ ಮುಂದೆ 8 ಬೈಟಿನಲ್ಲಿ ಲೆಕ್ಕ ಬರೆದಿಡುತ್ತದೆ. ಆವರಣ ಇಲ್ಲದ ಡಿಲೀಟ್‌ಗೆ ಆ ಲೆಕ್ಕ ಇರುವುದೇ ಗೊತ್ತಿಲ್ಲ. ಒಬ್ಬನಿಗೆ ಮಾತ್ರ ಡಿಸ್ಟ್ರಕ್ಟರ್ ಕರೆದು, 8 ಬೈಟ್ ತಪ್ಪಿದ ವಿಳಾಸವನ್ನು ವಾಪಸ್ ಕೊಡುತ್ತದೆ. ನಮೂದಿಗೆ ಡಿಸ್ಟ್ರಕ್ಟರ್ ಇಲ್ಲ, ಆ ಲೆಕ್ಕವೂ ಇಲ್ಲ, ಅದಕ್ಕೇ ತಪ್ಪು ಮುಚ್ಚಿಹೋಗಿತ್ತು. ಆ ದಿನದಿಂದ ನನ್ನ ಪರೀಕ್ಷೆಯ ಪ್ರತಿಯನ್ನು ಅಡ್ರೆಸ್ ಸ್ಯಾನಿಟೈಜರ್ (ಓಡುವಾಗ ಮೆಮೊರಿಯ ತಪ್ಪು ಹಿಡಿಯುವ ಕಾವಲುಗಾರ) ಹಾಕಿಯೇ ಕಂಪೈಲ್ ಮಾಡುತ್ತಿದ್ದೆ. ಅದು ನಮೂದಿನ ತಪ್ಪನ್ನೂ ತಕ್ಷಣ ಹಿಡಿದು ತೋರಿಸಿತು.

ಒಂದು ಜಮೀನು, ಎರಡು ಪಹಣಿ

ಸ್ಯಾನಿಟೈಜರ್ ಹಾಕುವ ಮುಂಚೆಯೇ ಕಂಡ ಇನ್ನೊಂದು ವಿಚಿತ್ರ ಇತ್ತು. ಬಟವಾಡೆ ಚೀಟಿ ಮುದ್ರಿಸುವ ಫಂಕ್ಷನ್ ಬರೆದಿದ್ದೆ. ಸದಸ್ಯನನ್ನು ಅದಕ್ಕೆ ಕೊಟ್ಟರೆ ಚೀಟಿ ಚೆನ್ನಾಗಿ ಬರುತ್ತಿತ್ತು. ಅದಾದ ಮೇಲೆ ಅದೇ ಸದಸ್ಯನ ಪಟ್ಟಿ ತೆಗೆದರೆ ಮೊದಲ ನಮೂದಿನಲ್ಲಿ ಲೀಟರ್ 0.00, ಫ್ಯಾಟ್ ಜಾಗದಲ್ಲಿ ತಲೆಬುಡ ಇಲ್ಲದ ಅಂಕಿ. ಎಸ್‌ಎನ್‌ಎಫ್ ಮಾತ್ರ ಸರಿ, 8.5. ಉಳಿದ ನಮೂದುಗಳೂ ಸರಿ. ಕೊನೆಗೆ ಪ್ರೋಗ್ರಾಮ್ ಮುಚ್ಚುವಾಗ 'ಡಬಲ್ ಫ್ರೀ ಡಿಟೆಕ್ಟೆಡ್' ಅಂತ ಹೇಳಿ ಸತ್ತಿತು.

ನಾನು ಮುದ್ರಿಸುವ ಫಂಕ್ಷನ್ ಅನ್ನೇ ಎರಡು ಗಂಟೆ ನೋಡಿದೆ. ಅದರಲ್ಲಿ ಯಾವ ಅಂಕಿಯನ್ನೂ ಬದಲಾಯಿಸುವ ಸಾಲೇ ಇಲ್ಲ!

ತಪ್ಪು ಇದ್ದದ್ದು ಫಂಕ್ಷನ್‌ಗೆ ಸದಸ್ಯನನ್ನು ಕೊಟ್ಟ ರೀತಿಯಲ್ಲಿ. ನಕಲು ಬೇಡ, ಅಸಲನ್ನೇ ನೋಡು ಎನ್ನುವ ರೆಫರೆನ್ಸ್ ಗುರುತು ಹಾಕದೆ ಕೊಟ್ಟಿದ್ದೆ. ಅಂದರೆ ಸಿ++ ಸದಸ್ಯನ ನಕಲು ಮಾಡಿ ಕೊಡುತ್ತದೆ. ನಕಲು ಹೇಗೆ ಮಾಡಬೇಕು ಎಂದು ನಾನು ಹೇಳಿರಲಿಲ್ಲ, ಅದು ಇದ್ದದ್ದನ್ನು ಇದ್ದ ಹಾಗೇ ನಕಲು ಮಾಡಿತು. ಹೆಸರು ನಕಲಾಯಿತು, ನಂಬರ್ ನಕಲಾಯಿತು, ವಿಳಾಸದ ಚೀಟಿಯೂ ನಕಲಾಯಿತು. ಚೀಟಿ ಹೇಳುವ ಜಾಗ ನಕಲಾಗಲಿಲ್ಲ.

ಊರ ಕಡೆಯವರಿಗೆ ಇದು ಬೇಗ ಅರ್ಥ ಆಗುತ್ತದೆ. ಪಹಣಿಯ ಜೆರಾಕ್ಸ್ ತೆಗೆದರೆ ಜಮೀನು ಎರಡಾಗುವುದಿಲ್ಲ. ಒಂದೇ ಜಮೀನಿಗೆ ಇಬ್ಬರ ಕೈಯಲ್ಲಿ ಪಹಣಿ. ಫಂಕ್ಷನ್ ಮುಗಿದಾಗ ನಕಲು ಸದಸ್ಯ ಸತ್ತ. ಸಾಯುವಾಗ ಡಿಸ್ಟ್ರಕ್ಟರ್ ತನ್ನ ಕೆಲಸವನ್ನು ನಿಷ್ಠೆಯಿಂದ ಮಾಡಿ ಜಮೀನು ಮಾರಿತು. ಅಸಲಿ ಸದಸ್ಯ ಇನ್ನೂ ಅದೇ ಜಮೀನಿನಲ್ಲಿ ಬೆಳೆ ನೋಡುತ್ತಾ ನಿಂತಿದ್ದಾನೆ. ಕೊನೆಗೆ ಅವನೂ ಸಾಯುವಾಗ ಅದನ್ನೇ ಇನ್ನೊಮ್ಮೆ ಮಾರಲು ಹೋದ. ಡಬಲ್ ಫ್ರೀ.

ಲೀಟರ್ ಮತ್ತು ಫ್ಯಾಟ್ ಮಾತ್ರ ಕೆಟ್ಟದ್ದು ಯಾಕೆ? ಜಾಗ ವಾಪಸ್ ಹೋದಾಗ ಲಿನಕ್ಸ್‌ನ ಸಿ ಲೈಬ್ರರಿ ಅದರ ಮೊದಲ 16 ಬೈಟನ್ನು ತನ್ನ ಸ್ವಂತ ಲೆಕ್ಕಕ್ಕೆ ಬಳಸಿಕೊಳ್ಳುತ್ತದೆ. ನನ್ನ ನಮೂದಿನ ಮೊದಲ 16 ಬೈಟ್ ಅಂದರೆ ಲೀಟರ್ ಎಂಟು, ಫ್ಯಾಟ್ ಎಂಟು. ಎಸ್‌ಎನ್‌ಎಫ್ 17ನೇ ಬೈಟಿನಿಂದ ಶುರು, ಅದು ಬಚಾವ್. ಈ ಲೆಕ್ಕ ಹೊಂದಿದಾಗ ಆದ ಖುಷಿಗೆ ರಾತ್ರಿ ಹನ್ನೊಂದಕ್ಕೆ ಇನ್ನೊಂದು ಕಾಫಿ ಮಾಡಿಕೊಂಡೆ.

ರಿಪೇರಿ: ಕಾಪಿ ಕನ್‌ಸ್ಟ್ರಕ್ಟರ್ ಬರೆದೆ. ನಕಲು ಮಾಡುವಾಗ ಹೊಸ ಜಾಗ ಕೇಳು, ನಮೂದುಗಳನ್ನು ಒಂದೊಂದಾಗಿ ಅಲ್ಲಿಗೆ ಬರೆ. ಅಷ್ಟೇ ಸಾಲದು. ಒಬ್ಬ ಸದಸ್ಯನಿಗೆ ಇನ್ನೊಬ್ಬನನ್ನು ಸಮ ಚಿಹ್ನೆ ಹಾಕಿ ಕೊಟ್ಟರೂ ಇದೇ ಗೋಳು, ಹಾಗಾಗಿ ಅದಕ್ಕೂ ಬರೆಯಬೇಕು. ಡಿಸ್ಟ್ರಕ್ಟರ್, ಕಾಪಿ ಕನ್‌ಸ್ಟ್ರಕ್ಟರ್, ಅಸೈನ್‌ಮೆಂಟ್, ಈ ಮೂರರಲ್ಲಿ ಒಂದು ಬೇಕಾಯಿತೆಂದರೆ ಮೂರೂ ಬೇಕು. 'ರೂಲ್ ಆಫ್ ತ್ರೀ' ಅಂತ ಓದಿದ್ದೆ. ಓದಿದ್ದೆ ಅಷ್ಟೇ. ಅಸೈನ್‌ಮೆಂಟ್‌ನಲ್ಲಿ ತನಗೆ ತಾನೇ ಕೊಟ್ಟುಕೊಂಡರೆ ಮೊದಲು ತನ್ನ ಜಾಗ ಬಿಟ್ಟು ಆಮೇಲೆ ಅಲ್ಲಿಂದಲೇ ನಕಲು ಮಾಡಲು ಹೋಗುತ್ತದೆ. ಅದನ್ನೂ ತಡೆದೆ.

ಕೊನೆಗೆ ಮುದ್ರಿಸುವ ಫಂಕ್ಷನ್‌ಗೆ ಕಾನ್ಸ್ಟ್ ರೆಫರೆನ್ಸ್ ಹಾಕಿದೆ, ಅಂದರೆ ಅಸಲನ್ನೇ ನೋಡು, ಬದಲಾಯಿಸಬೇಡ. ಚೀಟಿ ಮುದ್ರಿಸಲು ಸದಸ್ಯನ ನಕಲು ಯಾಕೆ ಬೇಕಿತ್ತು ಹೇಳಿ? ಬೇಕಿರಲೇ ಇಲ್ಲ.

ಸೋರಿಕೆಯದ್ದು ಬೇಗ ಮುಗಿಯಿತು. ಸ್ಯಾನಿಟೈಜರ್ ಇಲ್ಲದ ಪ್ರತಿಯ ಮೇಲೆ ವಾಲ್‌ಗ್ರೈಂಡ್ (ವಾಪಸ್ ಕೊಡದ ಮೆಮೊರಿ ಹುಡುಕುವ ಸಾಧನ) ಓಡಿಸಿದರೆ 768 ಬೈಟ್ ಕಳೆದುಹೋಗಿದೆ, ಮೂರು ತುಂಡು ಅಂದಿತು. ಫೈಲ್ ಓದುವಾಗ ಒಂದು ಸಾಲಿಗೆ 256 ಬೈಟ್ ನ್ಯೂ ಮಾಡುತ್ತಿದ್ದೆ. ಸಾಲು ಕೆಟ್ಟಿದ್ದರೆ ಡಿಲೀಟ್‌ಗೆ ಮುಂಚೆಯೇ ರಿಟರ್ನ್. ಫೈಲ್‌ನಲ್ಲಿ ಕೆಟ್ಟ ಸಾಲು ಮೂರು. ಅಲ್ಲಿ ನ್ಯೂ ಯಾಕೆ ಬೇಕಿತ್ತೋ ಗೊತ್ತಿಲ್ಲ, ಹೊಸ ಸುತ್ತಿಗೆ ಸಿಕ್ಕ ಹುಮ್ಮಸ್ಸು. ತೆಗೆದು, ತನ್ನ ಜಾಗ ತಾನೇ ನೋಡಿಕೊಳ್ಳುವ ಸ್ಟ್ರಿಂಗ್ ಹಾಕಿದೆ.

ಒಂದನೇ ತಾರೀಕು ಸ್ಯಾನಿಟೈಜರ್ ಇಲ್ಲದ ಪ್ರತಿಯನ್ನು ಚಿಕ್ಕಪ್ಪನ ಲ್ಯಾಪ್‌ಟಾಪ್‌ಗೆ ಹಾಕಿಕೊಟ್ಟೆ. ಎಂಬತ್ತೊಂದು ಜನ, ದರ ಸರಿ.

ಮೂರು, ಐದು, ಒಂಬತ್ತು, ಹದಿನೇಳು

ತಿಂಗಳ ಕೊನೆಯಲ್ಲಿ ಊರಿಗೆ ಹೋಗಿದ್ದೆ. ಚಿಕ್ಕಪ್ಪ ನೋಟ್‌ಬುಕ್ ತೆಗೆದು ಮುಂದಿಟ್ಟರು. "ಲೆಕ್ಕ ಎಲ್ಲ ಸರಿಯಾಗದೆ. ಆದ್ರೆ ಒಂದೊಂದ್ ಸಲ ತಿದ್ದಿದ್ದು ನಿಲ್ಲಲ್ಲ ಕಣ್ಲಾ."

ಸಂಜೆ ನೂಕುನುಗ್ಗಲಲ್ಲಿ ಒಮ್ಮೊಮ್ಮೆ ಫ್ಯಾಟ್ ತಪ್ಪಾಗಿ ಒತ್ತಿರುತ್ತಾರೆ. ಮಾರನೇ ಬೆಳಿಗ್ಗೆ ಆ ಸದಸ್ಯರು ಬಂದಾಗ ಚೀಟಿ ನೋಡಿ ತಿದ್ದುತ್ತಾರೆ. ಅದಕ್ಕಾಗಿ ಒಂದು ಸೌಲಭ್ಯ ಕೊಟ್ಟಿದ್ದೆ. ಸದಸ್ಯರ ನಂಬರ್ ಒತ್ತಿದರೆ ಹಿಂದಿನ ನಮೂದು ಕಾಣುತ್ತದೆ. ಈ ಹೊತ್ತಿನ ಹಾಲು ದಾಖಲಾದ ಮೇಲೆ 'ಹಿಂದಿನದರಲ್ಲಿ ತಿದ್ದುವುದಿದೆಯೇ' ಎಂದು ಕೇಳುತ್ತದೆ.

"ಯಾವಾಗ ನಿಲ್ಲಲ್ಲ?"

"ಒಂದಿನ ನಿಲ್ತದೆ, ಒಂದಿನ ಇಲ್ಲ. ನಿನ್ ಥರಾನೆ."

ಅವರು ಒಳ್ಳೇ ಪರೀಕ್ಷಕರು. ನಿಲ್ಲದೇ ಹೋದ ತಿದ್ದುಪಡಿಗಳಿಗೆಲ್ಲ ಕೆಂಪು ಪೆನ್ನಲ್ಲಿ ಸುತ್ತು ಹಾಕಿದ್ದರು. ಎರಡು ಹೊತ್ತೂ ತಪ್ಪದೆ ಹಾಲು ಹಾಕುವವರಲ್ಲಿ ಕೆಂಪು ಸುತ್ತು ಬಿದ್ದ ದಿನಗಳು: ಮೂರನೇ ತಾರೀಕು ಬೆಳಿಗ್ಗೆ. ಐದು ಬೆಳಿಗ್ಗೆ. ಒಂಬತ್ತು ಬೆಳಿಗ್ಗೆ. ಹದಿನೇಳು ಬೆಳಿಗ್ಗೆ. ಉಳಿದ ಯಾವ ದಿನವೂ ಇಲ್ಲ.

ಮೊದಲು ಏನೂ ಹೊಳೆಯಲಿಲ್ಲ. ಅಮಾವಾಸ್ಯೆ ಹುಣ್ಣಿಮೆ ಲೆಕ್ಕವೂ ಅಲ್ಲ. ಚಿಕ್ಕಮ್ಮ ರಾಗಿ ರೊಟ್ಟಿ ತಂದಿಟ್ಟರು. ಅರ್ಧ ರೊಟ್ಟಿ ಆಗುವಷ್ಟರಲ್ಲಿ ತಾರೀಕು ಬಿಟ್ಟು ನಮೂದಿನ ನಂಬರ್ ಎಣಿಸೋಣ ಅನ್ನಿಸಿತು. ದಿನಕ್ಕೆ ಎರಡು. ಮೂರನೇ ದಿನದ ಬೆಳಿಗ್ಗೆ ಐದನೇ ನಮೂದು. ಐದನೇ ದಿನ ಬೆಳಿಗ್ಗೆ ಒಂಬತ್ತನೆಯದು. ಒಂಬತ್ತನೇ ದಿನ ಹದಿನೇಳನೆಯದು. ಹದಿನೇಳನೇ ದಿನ ಮೂವತ್ತಮೂರನೆಯದು.

4 ತುಂಬಿ ಐದನೆಯದು. 8 ತುಂಬಿ ಒಂಬತ್ತು. 16, 32. ಮನೆ ಬದಲಾಯಿಸುವ ದಿನಗಳು!

ತಿದ್ದುವ ಸಲುವಾಗಿ ಹಿಂದಿನ ನಮೂದಿಗೆ ಒಂದು ಪಾಯಿಂಟರ್ ತೆಗೆದಿಟ್ಟುಕೊಂಡಿದ್ದೆ. ಅದಾದ ಮೇಲೆ ಹೊಸ ನಮೂದು ಸೇರಿಸುತ್ತಿದ್ದೆ. ಸಾಮಾನ್ಯ ದಿನಗಳಲ್ಲಿ ಹೊಸದು ಪಕ್ಕದಲ್ಲೇ ಕೂರುತ್ತದೆ, ಪಾಯಿಂಟರ್ ಸರಿ ಇರುತ್ತದೆ. ಆದರೆ ಜಾಗ ತುಂಬಿದ ದಿನ ಇಡೀ ಅರೇ ಬೇರೆ ಕಡೆಗೆ ಹೋಗುತ್ತದೆ. ಸದಸ್ಯನ ಒಳಗಿನ ಚೀಟಿಯಲ್ಲಿ ಹೊಸ ವಿಳಾಸ ಬರೆದಿದ್ದೇನೆ, ನನ್ನ ಕೈಯಲ್ಲಿದ್ದ ಚೀಟಿಯಲ್ಲಿ ಹಳೆಯದೇ ಇದೆ. ಚಿಕ್ಕಪ್ಪ ತಿದ್ದಿದ 4.1 ಹೋಗಿ ಖಾಲಿ ಮನೆಯ ಗೋಡೆ ಮೇಲೆ ಬರೆದುಕೊಂಡಿದೆ. ಹೊಸ ಮನೆಯಲ್ಲಿ ಹಳೇ ಅಂಕಿಯೇ ಇದೆ. ಯಾವ ದೂರೂ ಇಲ್ಲ, ಸದ್ದೂ ಇಲ್ಲ.

ನನ್ನ ಪರೀಕ್ಷೆಯಲ್ಲೇ ಸ್ಯಾನಿಟೈಜರ್ ಯಾಕೆ ಹಿಡಿಯಲಿಲ್ಲ ಅಂತ ನಿಮಗೆ ಅನ್ನಿಸಬಹುದು. ಅದು ಓಡಿದ ದಾರಿಯನ್ನು ಮಾತ್ರ ನೋಡುತ್ತದೆ. ನಾನು ತಿದ್ದುವ ಸೌಲಭ್ಯವನ್ನು ಪರೀಕ್ಷಿಸಿದ್ದು ಮೂರು ನಮೂದು ಇದ್ದ ಸದಸ್ಯನ ಮೇಲೆ. ಮನೆ ಬದಲಾಯಿಸುವುದನ್ನು ನೂರು ನಮೂದು ಹಾಕಿ ಪರೀಕ್ಷಿಸಿದ್ದೆ, ಆದರೆ ಆಗ ತಿದ್ದಲಿಲ್ಲ. ಎರಡೂ ಒಟ್ಟಿಗೆ ಒಮ್ಮೆಯೂ ಆಗಿರಲಿಲ್ಲ. ಈಗ ನಾಲ್ಕು ನಮೂದು ಇರುವ ಸದಸ್ಯನಿಗೆ ಐದನೆಯದು ಹಾಕಿ ತಿದ್ದಿದೆ. 'ಹೀಪ್ ಯೂಸ್ ಆಫ್ಟರ್ ಫ್ರೀ', ಅಂದರೆ ಬಿಟ್ಟುಕೊಟ್ಟ ಜಾಗವನ್ನು ಮತ್ತೆ ಮುಟ್ಟಿದ್ದೀಯ ಅಂತ. ಎಲ್ಲಿ ಬರೆದೆ, ಆ ಜಾಗವನ್ನು ಎಲ್ಲಿ ಬಿಟ್ಟೆ, ಮೊದಲು ಎಲ್ಲಿ ಪಡೆದೆ, ಮೂರೂ ಸಾಲಿನ ನಂಬರ್ ಸಮೇತ ಕಣ್ಣ ಮುಂದೆ.

ರಿಪೇರಿ ಎರಡು ಸಾಲು. ಪಾಯಿಂಟರ್ ಬದಲು ನಮೂದಿನ ನಂಬರ್ ನೆನಪಿಟ್ಟುಕೋ. ತಿದ್ದುವಾಗ ಸದಸ್ಯನನ್ನೇ ಕೇಳು. ಮನೆ ಎಲ್ಲಿದ್ದರೂ ನಾಲ್ಕನೇ ನಮೂದು ನಾಲ್ಕನೆಯದೇ ತಾನೆ. ನಿಜ ಹೇಳಬೇಕೆಂದರೆ ಇಲ್ಲಿ ಮುರಿದದ್ದು ನನ್ನ ಕಿಟಕಿ. ನಮೂದುಗಳು ಪ್ರೈವೇಟ್ ಅಂತ ಬೋರ್ಡ್ ಹಾಕಿ, ಹಿಂದಿನ ಬಾಗಿಲಿಂದ ಪಾಯಿಂಟರ್ ಕೈಗೆ ಕೊಟ್ಟಿದ್ದೆ. ಆ ಫಂಕ್ಷನ್ ತೆಗೆದೇ ಹಾಕಿದೆ.

ಕೊನೆಗೆ ವೆಕ್ಟರ್

ಕಲಿಯಬೇಕಾದ್ದು ಆಯಿತು ಅಂತ ಆ ವಾರ ನನ್ನ ಕೈಯಿಂದ ಬರೆದ ಅರೇ ತೆಗೆದು ವೆಕ್ಟರ್ ಹಾಕಿದೆ. ಡಿಸ್ಟ್ರಕ್ಟರ್ ಹೋಯಿತು, ಕಾಪಿ ಕನ್‌ಸ್ಟ್ರಕ್ಟರ್ ಹೋಯಿತು, ಅಸೈನ್‌ಮೆಂಟ್ ಹೋಯಿತು. ಅವನ್ನೆಲ್ಲ ವೆಕ್ಟರ್ ತಾನೇ ನೋಡಿಕೊಳ್ಳುತ್ತದೆ. ಎಪ್ಪತ್ತು ಸಾಲು ಕಡಿಮೆ. ಅಳಿಸುವಾಗ ಸ್ವಲ್ಪ ಬೇಜಾರೂ ಆಯಿತು ಅನ್ನಿ.

ಕುತೂಹಲಕ್ಕೆ ಹಳೇ ಪಾಯಿಂಟರ್ ತಪ್ಪನ್ನು ಬೇಕಂತಲೇ ವಾಪಸ್ ಹಾಕಿ ನೋಡಿದೆ. ವೆಕ್ಟರ್ ಇದ್ದರೂ ಅದೇ ತಪ್ಪು ಬಂತು! ಜಿ++ನ ವೆಕ್ಟರ್ ಕೂಡ ದುಪ್ಪಟ್ಟೇ ಆಗುವುದು, ಆದರೆ ಒಂದರಿಂದ ಶುರು. ಹಾಗಾಗಿ ಎರಡು ಮತ್ತು ಮೂರನೇ ನಮೂದಿನಲ್ಲೂ ತಪ್ಪು. ಮೊದಲೇ 64ಕ್ಕೆ ರಿಸರ್ವ್ ಹೇಳಿದರೆ ತಪ್ಪು ಕಾಣುವುದಿಲ್ಲ. ಕಾಣುವುದಿಲ್ಲ ಅಷ್ಟೇ, ಅಲ್ಲೇ ಇರುತ್ತದೆ. ಮತ್ತೆ ನಂಬರ್ ವಿಧಾನಕ್ಕೇ ಹಾಕಿ ಕೊಟ್ಟೆ.

ಮುಂದಿನ ತಿಂಗಳು ಮೂರನೇ ತಾರೀಕು ಬೆಳಿಗ್ಗೆ ಫೋನ್ ಮಾಡಿದೆ. ಚಿಕ್ಕಪ್ಪ, ಒಂದು ಸುಳ್ಳು ತಿದ್ದುಪಡಿ ಮಾಡಿ ನೋಡಿ ಅಂದೆ. ನಿಂತಿತು. ಐದಕ್ಕೂ ನಿಂತಿತು, ಒಂಬತ್ತಕ್ಕೂ ನಿಂತಿತು. ಹದಿನೇಳಕ್ಕೆ ಮಾಡುವಷ್ಟರಲ್ಲಿ ಅವರೇ ಮಾಡಿದರು.

"ನಿಂತದೆ ಕಣ್ಲಾ. ಆದ್ರೆ ನೀನು ದಿನಾ ಸುಳ್ ಸುಳ್ಳೇ ತಿದ್ದಿಸ್ತಿದ್ಯಲ್ಲ, ಅದ್ನೆಲ್ಲ ವಾಪಸ್ ಸರಿ ಮಾಡೋರ್ಯಾರು?"